ನಿನ್ನ ಕೋಣೆಯ ಪ್ಲೈವುಡ್ ಕೊಳ

ಮನೆಯಿಂದ, ನಿನ್ನ ಕೋಣೆಯಲ್ಲಿ ಕೂತು
ಬುಧವಾರ, ಒಂಬತ್ತನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮರಕುಟಿಗನಿಗೆ,

ಹೇಗಿದ್ದೀಯೋ? ಹೆಬ್ಬೆರಳಿಗೆ ಉಳಿ ತಾಗಿ ಆದ ಗಾಯ ಮಾಯಿತಾ, ಇಲ್ಲ ಇನ್ನೂ ಅದಕ್ಕೊಂದು ಕೊಳಕು ಬಟ್ಟೆ ಚೂರು ಸುತ್ತಿಕೊಂಡೇ ಓಡಾಡ್ತಿದ್ದೀಯ? ನಾನು ಪಕ್ಕದಲ್ಲಿದ್ದಿದ್ರೆ ದಿನಾ ಬಿಚ್ಚಿ ನೋಡಿ ಬೈತಿದ್ದೆ. ಈಗ ಆ ಕೆಲಸ ನಿನ್ನ ಹೆಂಡತಿಗೆ ಸೇರಿದ್ದು. ಆಕೆ ಚೆನ್ನಾಗಿದ್ದಾಳೆ ತಾನೇ? ಗಿಡ ಬೆಳೆಸಿ ಮಾರೋ ಹೆಂಗಸು, ನಿನಗೂ ಹೊತ್ತಿಗೆ ಸರಿಯಾಗಿ ನೀರು ಗೊಬ್ಬರ ಹಾಕಿ ನೋಡ್ಕೊತಾಳೆ ಅಂತ ನನಗೆ ಧೈರ್ಯ ಇದೆ. ಐವತ್ತೊಂದು ವರ್ಷದ ತಮ್ಮನನ್ನ ‘ಹೆಂಡತಿ ಹೇಗಿದ್ದಾಳೆ’ ಅಂತ ಕೇಳೋಕೆ ನನಗಿನ್ನೂ ನಾಲಿಗೆ ಹೊರಳಲ್ಲ. ಬರೆಯೋದು ಪರವಾಗಿಲ್ಲ. ನೀನು ಹೋಗಿ ನಾಲ್ಕು ತಿಂಗಳಾಯ್ತು, ಅಭ್ಯಾಸ ಆಗುತ್ತೆ ಬಿಡು. ನಾನು ಚೆನ್ನಾಗಿದ್ದೀನಿ. ಕಣ್ಣು ಸ್ವಲ್ಪ ಮಂಜು, ಸೂಜಿಗೆ ದಾರ ಪೋಣಿಸೋಕೆ ಮೂರು ಸಲ ಬೇಕು, ಅಷ್ಟೇ.

ನಿನ್ನ ಪತ್ರ ಹೋದ ವಾರ ಬಂತು. ಇಪ್ಪತ್ತನೇ ತಾರೀಖು ಭಾನುವಾರ ವ್ಯಾನ್ ಮಾಡಿಕೊಂಡು ಬರ್ತೀನಿ, ನಿನ್ನ ಒಂಬತ್ತು ಮೀನನ್ನೂ ತಗೊಂಡು ಹೋಗ್ತೀನಿ, ಅಲ್ಲಿ ಹಿತ್ತಲಲ್ಲಿ ನಿನ್ನ ಹೆಂಡತಿ, ಆ ಗಿಡದಮ್ಮ, ಕೊಳ ತೋಡಿಸಿದ್ದಾಳೆ ಅಂತ ಬರೆದಿದ್ದೀಯ. ‘ನಿನಗೆ ಇಷ್ಟು ದಿನ ತೊಂದರೆ ಕೊಟ್ಟೆ, ಕ್ಷಮಿಸು ಅಣ್ಣಾ’ ಅಂತ ಬೇರೆ ಬರೆದಿದ್ದೀಯ. ಮೂವತ್ತು ವರ್ಷ ಈ ಬಾಡಿಗೆ ಮನೆಯ ಒಂದೇ ಸೂರಿನ ಕೆಳಗಿದ್ದು ಒಂದು ದಿನ ಕ್ಷಮೆ ಕೇಳದವನು ಈಗ ಕೇಳ್ತಿದ್ದೀಯ. ಮದುವೆ ಆದ್ಮೇಲೆ ಮರ್ಯಾದೆ ಕಲಿತೆ ಅಂತ ಕಾಣುತ್ತೆ. ತಪ್ಪು ನಿನ್ನದಲ್ಲ ಬಿಡು. ಮೊದಲು ಬಾಯಿಗೆ ಬಂದಹಾಗೆ ಬರೆದವನು ನಾನು. ಮನೆ ಮಾಲೀಕ ಹಿತ್ತಲಲ್ಲಿ ಕಾರು ನಿಲ್ಲಿಸೋಕೆ ಜಾಗ ಮಾಡ್ತೀನಿ ಅಂತ ಬಂದು, ನೀನು ಕಟ್ಟಿದ್ದ ಸಿಮೆಂಟಿನ ತೊಟ್ಟಿಯನ್ನ ಒಂದೇ ಬೆಳಿಗ್ಗೆಯಲ್ಲಿ ಒಡೆದು ಹಾಕಿದ. ಒಂಬತ್ತು ಮೀನನ್ನ ಬಕೆಟ್ಟಲ್ಲಿ ಹಿಡಿದು ಹಿಡಿದು ಅಡುಗೆಮನೆಯ ನೀಲಿ ಡ್ರಮ್ಮಿಗೆ ಹಾಕೋ ಹೊತ್ತಿಗೆ ನನಗೆ ಸೊಂಟ ಬಿದ್ದುಹೋಗಿತ್ತು. ಆ ಸಿಟ್ಟಲ್ಲೇ ನಿನಗೆ ಎರಡು ಸಾಲು ಗೀಚಿ ಹಾಕಿದೆ, ನಿನ್ನ ಮೀನು ನೀನು ತಗೊಂಡು ಹೋಗು, ಇಲ್ಲ ಅಂದ್ರೆ ಕಾಲುವೆಗೆ ಬಿಡ್ತೀನಿ ಅಂತ. ಈಗ ನೀನು ನನ್ನ ಮಾತು ಕೇಳಿ ಬರ್ತಿದ್ದೀಯ. ಹುಟ್ಟಿದಾಗಿಂದ ಒಂದು ಮಾತು ಕೇಳದವನು ಈ ಮಾತನ್ನೇ ಕೇಳಬೇಕಿತ್ತಾ.

ಇರಲಿ. ನೀನು ಬಂದಾಗ ಬಾಗಿಲು ತೆಗೆದು ಎದೆ ಒಡ್ಕೊಬಾರದು ಅಂತ ಮೊದಲೇ ಹೇಳಿಬಿಡ್ತೀನಿ. ನಿನ್ನ ಕೋಣೆಯಲ್ಲಿ ಈಗ ಕೊಳ ಇದೆ. ತಮಾಷೆ ಮಾಡ್ತಿಲ್ಲ. ಆರಡಿ ಉದ್ದ, ಮೂರಡಿ ಅಗಲ, ಎರಡಡಿ ಎತ್ತರ, ಪ್ಲೈವುಡ್ಡಿಂದ ನಾನೇ ಕಟ್ಟಿದ್ದು. ನಿನ್ನ ಮಂಚ ಇದ್ದ ಜಾಗದಲ್ಲಿ, ಅದರ ನಾಲ್ಕು ಕಾಲಿನ ಗುರುತು ಇನ್ನೂ ನೆಲದ ಮೇಲಿತ್ತಲ್ಲ, ಸರಿಯಾಗಿ ಅದರ ಮೇಲೇ. ಡ್ರಮ್ಮಿನಲ್ಲಿ ಮೀನುಗಳಿಗೆ ತಿರುಗೋಕೂ ಜಾಗ ಇರಲಿಲ್ಲ ಕಣೋ. ದೊಡ್ಡಪ್ಪ ಇದ್ದಾನಲ್ಲ, ಆ ಕಿತ್ತಳೆ ಬಣ್ಣದ ಧಡಿಯ, ಅವನು ಮೂತಿ ಮೇಲೆತ್ತಿಕೊಂಡು ನೇರ ನಿಂತೇ ಇರ್ತಿದ್ದ. ನೋಡೋಕಾಗಲಿಲ್ಲ. ನೀನು ಉತ್ತರ ಬರೆಯೋಕೆ ಎರಡು ತಿಂಗಳು ತಗೊಂಡೆ, ಅಷ್ಟರವರೆಗೆ ಅವು ಬದುಕಿರಬೇಕಲ್ಲ. ಅದಕ್ಕೇ ಕಟ್ಟಿದೆ, ಬೇರೆ ಏನಿಲ್ಲ.

ನೀನು ನಗ್ತಿದ್ದೀಯ ಅಂತ ಗೊತ್ತು. ಜೀವಮಾನದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆಯದ ದರ್ಜಿ, ಬಡಗಿ ತಮ್ಮ ಇಲ್ಲದ ಹೊತ್ತಲ್ಲಿ ಮರದ ಕೊಳ ಕಟ್ಟಿದ ಅಂದ್ರೆ ಯಾರಿಗೆ ನಗು ಬರಲ್ಲ. ಮೊದಲನೇ ದಿನವೇ ಎಡವಟ್ಟು. ಹಲಗೆ ಮೇಲೆ ನನ್ನ ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ನನ್ನ ಟೇಪಿನಲ್ಲೇ ಅಳೆದೆ. ಬಟ್ಟೆ ಟೇಪು ಇಷ್ಟು ವರ್ಷ ಎಳೆದೆಳೆದು ಅರ್ಧ ಇಂಚು ಜಾಸ್ತಿ ಬೆಳೆದಿದೆ ಅಂತ ನನಗೇನು ಗೊತ್ತು! ಅಂಗಿಗೆ ಅರ್ಧ ಇಂಚು ಹೆಚ್ಚುಕಮ್ಮಿ ಆದ್ರೆ ಯಾರೂ ಕೇಳಲ್ಲ, ಹಲಗೆ ಕೇಳುತ್ತೆ. ಸಾಲದ್ದಕ್ಕೆ ಅಭ್ಯಾಸಬಲದಿಂದ ಪ್ರತಿ ಹಲಗೆಗೂ ಸುತ್ತ ಒಂದು ಇಂಚು ಮಾರ್ಜಿನ್ ಬಿಟ್ಟು ಕತ್ತರಿಸಿದ್ದೆ, ನಾಳೆ ಗಿರಾಕಿ ದಪ್ಪ ಆದ್ರೆ ಬಿಚ್ಚಿ ದೊಡ್ಡದು ಮಾಡೋಕೆ ಇರಲಿ ಅಂತ. ನಾಲ್ಕು ಪಕ್ಕ ನಿಲ್ಲಿಸಿ ನೋಡ್ತೀನಿ, ಒಂದಕ್ಕೊಂದು ಮುಖ ಸಿಂಡರಿಸಿಕೊಂಡು ನಿಂತಿವೆ. ನೀನು ಬಿಟ್ಟುಹೋದ ಹಳೇ ಗರಗಸದಲ್ಲಿ ಎರಡು ದಿನ ಕೊಯ್ದು ಸರಿ ಮಾಡಿದೆ. ಅಂಟು ಹಚ್ಚಿ, ಗೇಣಿಗೊಂದು ತಿರುಪುಮೊಳೆ ಹಾಕಿ, ಸುತ್ತ ಮರದ ಚೌಕಟ್ಟು ಕಟ್ಟಿದೆ. ಕೈಯೆಲ್ಲ ಬೊಬ್ಬೆ. ನೀನು ದಿನಾ ಸಂಜೆ ಬಂದು ಕೈ ನೀರಲ್ಲಿ ಇಟ್ಕೊಂಡು ಕೂರ್ತಿದ್ದದ್ದು ಯಾಕೆ ಅಂತ ಈಗ ಅರ್ಥ ಆಯ್ತು. ಆಗ ನಾನು ಸೋಮಾರಿ ಅಂತಿದ್ದೆ.

ಇನ್ನು ನೀರು ಸೋರದ ಹಾಗೆ ಮಾಡೋದು. ಪ್ಲೈವುಡ್ಡಿಗೆ ಸುಮ್ನೆ ಬಣ್ಣ ಬಳಿದ್ರೆ ಸಾಕು ಅಂದ್ಕೊಂಡಿದ್ದೆ. ಕಾಲುವೆ ದಂಡೆಯಲ್ಲಿ ದೋಣಿ ರಿಪೇರಿ ಮಾಡೋ ಮುದುಕರಿದ್ದಾರಲ್ಲ, ನನ್ನ ಹತ್ರ ಪ್ಯಾಂಟು ಹೊಲಿಸ್ತಾರೆ, ಅವರನ್ನ ಕೇಳಿದೆ. ಅವರು ನನ್ನ ಮುಖ ನೋಡಿ, ‘ದೋಣಿ ಅಂದ್ರೆ ನೀರು ಒಳಗೆ ಬರಬಾರದು, ಕೊಳ ಅಂದ್ರೆ ಹೊರಗೆ ಹೋಗಬಾರದು, ಕೆಲಸ ಒಂದೇ ಮಾರಾಯ’ ಅಂದ್ರು. ಗಾಜಿನ ನಾರಿನ ಬಟ್ಟೆ ಕೊಟ್ರು, ರಾಳ ಕೊಟ್ರು, ರಾಳ ಗಟ್ಟಿಯಾಗೋಕೆ ಬೆರೆಸೋ ದ್ರವ ಬೇರೆ ಸಣ್ಣ ಬಾಟಲಿಯಲ್ಲಿ. ಬಟ್ಟೆಯನ್ನ ಮರದ ಮೇಲೆ ಹಾಸಿ ರಾಳ ಕುಡಿಸಿದ್ರೆ ಒಂದು ದಿನದಲ್ಲಿ ಕಲ್ಲಿನಂತಾಗುತ್ತೆ. ಸ್ವಲ್ಪ ಸ್ವಲ್ಪ ಬೆರೆಸು ಅಂತ ಹತ್ತು ಸಲ ಹೇಳಿದ್ರು. ನಾನು ಪದೇ ಪದೇ ಯಾರು ಬೆರೆಸ್ತಾರೆ ಅಂತ ಒಂದು ಮಗ್ ತುಂಬ ಬೆರೆಸಿಟ್ಟೆ. ಟೀ ಕುಡಿದು ಬರೋಷ್ಟರಲ್ಲಿ ಮಗ್ ಕೆಂಡದ ಹಾಗೆ ಬಿಸಿ, ಹೊಗೆ ಬೇರೆ, ಬ್ರಷ್ಷು ಒಳಗೇ ನೆಟ್ಟಗೆ ನಿಂತು ಸಮಾಧಿ ಆಗಿಹೋಗಿದೆ. ಅಮ್ಮನ ಕಾಲದ ಮಗ್ ಅದು, ಹಾಳಾಗಿ ಹೋಯ್ತು. ಅದನ್ನ ಎಸೆದಿಲ್ಲ, ನೀನು ಬಂದಾಗ ನೋಡಿ ನಗು ಅಂತ ಕಿಟಕಿ ಮೇಲೆ ಇಟ್ಟಿದ್ದೀನಿ.

ಆಮೇಲಿನದು ಮಾತ್ರ ದರ್ಜಿ ಒಬ್ಬನೇ ಮಾಡಬಲ್ಲ ತಪ್ಪು, ಕೇಳು. ಆ ಗಾಜಿನ ಬಟ್ಟೆ ಇದೆಯಲ್ಲ, ಕತ್ತರಿ ತಾಗಿದ್ದೇ ತಡ ಅಂಚೆಲ್ಲ ಎಳೆ ಎಳೆಯಾಗಿ ಬಿಚ್ಕೊಳ್ಳುತ್ತೆ. ನೂಲು ಬಿಚ್ಚೋ ಅಂಚು ನೋಡಿದ್ರೆ ನನಗೆ ಕೈ ತಡೆಯಲ್ಲ ಅಂತ ನಿನಗೆ ಗೊತ್ತಲ್ಲ, ನಿನ್ನ ಟವೆಲ್ಲುಗಳನ್ನೂ ಬಿಟ್ಟವನಲ್ಲ ನಾನು. ದೋಣಿಯವರು ಹಾಗೇ ಹಾಸು, ಒಂದರ ಮೇಲೊಂದು ನಾಲ್ಕು ಬೆರಳು ಬರಲಿ ಅಂದಿದ್ರು. ಹಾಗೆ ಹಾಸೋಕೆ ನನ್ನ ಕೈಗೆ ನಾಚಿಕೆ ಆಯ್ತು. ಕೋಟಿಗೆ ಒಳಗಿನ ಅಸ್ತರು ಹೊಲಿಯೋ ಹಾಗೆ, ತಳಕ್ಕೊಂದು, ನಾಲ್ಕು ಪಕ್ಕಕ್ಕೆ ನಾಲ್ಕು ತುಂಡು ಕತ್ತರಿಸಿ, ಅಂಚು ಎರಡು ಮಡಿಕೆ ಮಡಚಿ, ಮಿಷಿನ್ನಿನಲ್ಲಿ ಹೊಲಿದು, ಕೊಳಕ್ಕೆ ಸರಿಯಾಗಿ ಕೂರೋ ಒಂದು ಚೀಲವನ್ನೇ ಮಾಡಿಬಿಟ್ಟೆ. ಎಂಟು ಸೂಜಿ ಮುರಿದವು. ಮೂಲೆಗಳನ್ನ ಜೇಬಿನ ಮೂಲೆ ಹಾಗೆ ಚೂಪಾಗಿ ತಿರುಗಿಸಿದ್ದೆ. ಒಳಗೆ ಇಳಿಸಿ ರಾಳ ಬಳಿದಾಗ ಎಷ್ಟು ಅಂದವಾಗಿತ್ತು ಅಂದ್ರೆ, ಒಂದು ಸುಕ್ಕಿಲ್ಲ ಕಣೋ, ಒಂದು! ನನ್ನ ಬೆನ್ನು ನಾನೇ ತಟ್ಟಿಕೊಂಡೆ, ತಟ್ಟೋಕೆ ಬೇರೆ ಯಾರೂ ಇರಲಿಲ್ಲ. ಆ ಗಾಜಿನ ಪುಡಿ ಮಾತ್ರ ಮೊಣಕೈವರೆಗೆ ಚುಚ್ಚಿಕೊಂಡು ವಾರವಿಡೀ ತುರಿಕೆ. ಅದೇ ಮೇಜಿನ ಮೇಲೆ ಹೊಲಿದ ಮೇಷ್ಟ್ರ ಪ್ಯಾಂಟು ಅವರು ಹಾಕ್ಕೊಂಡು ಶಾಲೆಗೆ ಹೋಗಿ, ಪಾಠ ಅರ್ಧಕ್ಕೆ ಬಿಟ್ಟು ಮನೆಗೆ ಓಡಿ ಬಂದರಂತೆ. ಈಗ ಎದುರು ಸಿಕ್ಕರೆ ರಸ್ತೆಯ ಆ ಕಡೆಗೆ ದಾಟ್ತಾರೆ.

ರಾಳ ಒಣಗಿದ ಮೇಲೆ ಒಂದು ಬೆಳಿಗ್ಗೆ ಪೈಪು ಬಿಟ್ಟು ನೀರು ತುಂಬಿದೆ. ಒಂದಡಿ ತುಂಬಿದಾಗ ತಳ ನೋಡಿದೆ, ಒಣ. ಒಂದೂವರೆ ಅಡಿಗೂ ಒಣ. ಆರಾಮಾಗಿ ಬಂದು ಮುಂದಿನ ಕೋಣೆಯಲ್ಲಿ ಕಾಜ ಹೊಲಿತಾ ಕೂತೆ. ಮಧ್ಯಾಹ್ನ ಪಕ್ಕದ ಇಸ್ತ್ರಿ ಅಂಗಡಿಯವನು ಕೂಗಿದ ಕೂಗಿಗೆ ಸೂಜಿ ಬಿಟ್ಟು ಓಡಿದೆ. ಗೋಡೆ ಸಂದಿಯಿಂದ ನೀರು ಅವನ ಕಡೆ ಹೋಗಿ, ಮಡಚಿ ಇಟ್ಟಿದ್ದ ಆಸ್ಪತ್ರೆಯ ನಲವತ್ತು ಹಾಸಿಗೆ ಬಟ್ಟೆ ಕೆಳಗಿಂದ ಒದ್ದೆ. ‘ಮನೆಯೊಳಗೆ ಸಮುದ್ರ ಸಾಕಿದ್ದೀಯೇನಯ್ಯಾ’ ಅಂದ. ನಾಚಿಕೆಯಿಂದ ಸತ್ತುಹೋಗೋ ಹಾಗಾಯ್ತು. ನಲವತ್ತನ್ನೂ ನಾನೇ ಹಿಂಡಿ ಒಣಹಾಕಿ, ಅವನ ಪಕ್ಕ ನಿಂತು ಇಸ್ತ್ರಿ ಹಾಕಿಕೊಟ್ಟೆ. ಒಂದು ಮಾತು ಹೇಳ್ಲಾ? ಆ ಮಧ್ಯಾಹ್ನ ನನಗೆ ಖುಷಿಯಾಗಿತ್ತು. ಅವನು ಬೈತಾ ಇದ್ದ, ನಾನು ಕೇಳ್ತಾ ಇದ್ದೆ. ಮೂರು ಗಂಟೆ ಹೊತ್ತು ಒಬ್ಬ ಮನುಷ್ಯ ನನ್ನ ಜೊತೆ ಮಾತಾಡಿದ್ದ.

ದೋಣಿಯವರನ್ನ ಕರ್ಕೊಂಡು ಬಂದೆ. ಅವರು ನನ್ನ ಹೊಲಿಗೆಯನ್ನ ಮೂಲೆಯಿಂದ ಮೂಲೆಗೆ ಕೈಯಲ್ಲಿ ಸವರಿ ನೋಡಿದ್ರು. ಆಮೇಲೆ, ‘ನಾನು ದೋಣಿ ನೋಡಿದ್ದೀನಿ, ದೋಣಿಗೆ ಅಂಗಿ ತೊಡಿಸಿದ್ದು ಇದೇ ಮೊದಲು’ ಅಂದ್ರು. ಮಡಚಿದ ಕಡೆಯೆಲ್ಲ ನಾಲ್ಕು ಪದರ ಆಗಿ ರಾಳ ಒಳಗೆ ಇಳಿದಿಲ್ಲ, ಗಾಳಿ ನಿಂತಿದೆ, ನೀರು ಅಲ್ಲೇ ದಾರಿ ಮಾಡಿಕೊಂಡಿದೆ. ಚೂಪು ಮೂಲೆಯಲ್ಲಿ ಬಟ್ಟೆ ಮರಕ್ಕೆ ಅಂಟೇ ಇಲ್ಲ. ನನ್ನ ಅಂದವಾದ ಅಂಚನ್ನೆಲ್ಲ ನನ್ನ ಕೈಯಲ್ಲೇ ಕೀಳಿಸಿದ್ರು. ಮೂಲೆಗಳಿಗೆ ಮರದ ಪುಡಿ ಬೆರೆಸಿದ ರಾಳ ತುಂಬಿ, ಚಮಚದ ಬೆನ್ನಲ್ಲಿ ಸವರಿ ಗುಂಡಗೆ ಮಾಡಿಸಿದ್ರು. ಅದರ ಮೇಲೆ ಅಂಚು ಬಿಚ್ಚಿದ ಪಟ್ಟಿಗಳನ್ನ ಹಾಗೇ, ಎಳೆಗಳು ಜೋತಾಡ್ತಿರೋ ಹಾಗೇ ಅಂಟಿಸಬೇಕಾಯ್ತು. ಆ ಎಳೆಗಳೇ ರಾಳದಲ್ಲಿ ಬೆರೆತು ಹಿಡಿತ ಕೊಡೋದಂತೆ. ಕಣ್ಣು ಮುಚ್ಚಿಕೊಂಡು ಅಂಟಿಸಿದೆ ಅಂದ್ರೂ ತಪ್ಪಿಲ್ಲ. ಎರಡನೇ ಸಲ ನೀರು ತುಂಬಿ ಸೀಮೆಸುಣ್ಣದಲ್ಲಿ ಮಟ್ಟ ಗುರುತು ಮಾಡಿದೆ. ಮೂರು ದಿನ ಗೆರೆ ಕದಲಲಿಲ್ಲ. ಆದ್ರೆ ಉದ್ದದ ಪಕ್ಕ ಹೊಟ್ಟೆ ಬಂದಂತೆ ಹೊರಗೆ ಉಬ್ಬಿತು. ಅದಕ್ಕೆ ಮೇಲಿನ ಅಂಚಿಗೆ ಸುತ್ತ ಸೊಂಟಪಟ್ಟಿ ಹಾಕಿದೆ, ನಡುವೆ ಅಡ್ಡ ಒಂದು ಪಟ್ಟಿ ಬಿಗಿದೆ. ಅದು ನನ್ನದೇ ಯೋಚನೆ, ಪ್ಯಾಂಟಿನಿಂದ ಬಂದದ್ದು. ದೋಣಿಯವರೂ ತಲೆ ಆಡಿಸಿದ್ರು. ಆಮೇಲೆ ಒಳಗೆ ಎರಡು ಸಲ ಕಪ್ಪು ಲೇಪ, ಒಂದು ವಾರ ಮುಟ್ಟದೆ ಒಣಗೋಕೆ ಬಿಟ್ಟದ್ದು, ಮೂರು ಸಲ ತೊಳೆದು ಚೆಲ್ಲಿದ್ದು, ಹೊಸ ನೀರು ತುಂಬಿ ನಾಲ್ಕು ದಿನ ಸುಮ್ನೆ ಇಟ್ಟದ್ದು. ಬಕೆಟ್ಟಿಗೆ ಸ್ಪಂಜು ತುಂಬಿ ಸಣ್ಣ ಪಂಪು ಜೋಡಿಸಿದ್ದೀನಿ, ನೀರು ಅದರಲ್ಲಿ ಹಾದು ಮತ್ತೆ ಕೊಳಕ್ಕೆ ಬೀಳುತ್ತೆ. ಸಾವಿರ ಲೀಟರ್ ಹಿಡಿದಿದೆ.

ಮೀನುಗಳನ್ನ ಬಿಟ್ಟ ದಿನ ನೀನು ಇರಬೇಕಿತ್ತು. ಡ್ರಮ್ಮಿನ ನೀರಿನ ಸಮೇತ ಒಂದೊಂದೇ ಇಳಿಸಿದೆ. ಸ್ವಲ್ಪ ಹೊತ್ತು ಒಂಬತ್ತೂ ಒಟ್ಟಿಗೆ ಒಂದು ಮೂಲೆಯಲ್ಲಿ, ಹೊಸ ಮನೆಗೆ ಬಂದ ನೆಂಟರಂತೆ ನಿಂತಿದ್ವು. ಆಮೇಲೆ ದೊಡ್ಡಪ್ಪ ಒಂದು ಸುತ್ತು ಹೊಡೆದ. ಪುಟ್ಟ ಮೀನು ಚುಕ್ಕಿ ಅವನ ಹಿಂದೆ ಹೋದಳು. ಇಷ್ಟು ದಿನ ಡ್ರಮ್ಮಿನಲ್ಲಿ ಮುದುರಿಕೊಂಡಿದ್ದವು ಈ ಕಡೆಯಿಂದ ಆ ಕಡೆಗೆ ಆರಡಿ ಉದ್ದಕ್ಕೂ ಈಜಿದ್ವು ನೋಡು, ಕೆಲಸ ಬಿಟ್ಟು ಕತ್ತಲಾಗೋವರೆಗೆ ಅಲ್ಲೇ ಕೂತಿದ್ದೆ. ಹತ್ತು ದಿನದಿಂದ ಹೊಲಿಗೆ ಮಿಷಿನ್ನನ್ನೂ ಈ ಕೋಣೆಗೇ ತಂದಿಟ್ಟುಕೊಂಡಿದ್ದೀನಿ. ಊಟವೂ ಇಲ್ಲೇ. ಮಿಷಿನ್ನಿನ ಸದ್ದಿಗೆ ಅವು ಮೊದಲು ಹೆದರ್ತಿದ್ವು, ಈಗ ಸದ್ದು ನಿಂತ್ರೆ ಮೇಲೆ ಬಂದು ನೋಡ್ತವೆ. ನಾನು ಮಾತಾಡ್ತೀನಿ ಅಂತ ಇಸ್ತ್ರಿಯವನು ಊರೆಲ್ಲ ಹೇಳ್ಕೊಂಡು ಬಂದಿದ್ದಾನೆ. ಹೌದು, ಮಾತಾಡ್ತೀನಿ. ಯಾರ ಹತ್ರ ಮಾತಾಡಬೇಕು ಮತ್ತೆ?

ನೀನು ಇದ್ದಾಗ ನಿನ್ನ ಸುತ್ತಿಗೆ ಸದ್ದಿಗೆ ಎಷ್ಟು ಬೈದಿದ್ದೀನಿ, ಹೊಲಿಯೋ ಬಟ್ಟೆಗೆಲ್ಲ ಮರದ ಹೊಟ್ಟು ಅಂತ ಎಷ್ಟು ಮುಖ ಊದಿಸಿಕೊಂಡಿದ್ದೀನಿ. ನೀನು ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗಲೂ, ಸದ್ಯ ಇನ್ಮೇಲೆ ನೆಮ್ಮದಿ ಅಂದೆ. ಆ ನೆಮ್ಮದಿ ಹೇಗಿದೆ ಅಂತ ಹೇಳ್ತೀನಿ ಕೇಳು. ಮನೆ ಬಿಕೋ ಅಂತಿದೆ. ಅರ್ಧ ಹೊಲಿದ ಕೋಟನ್ನ ನಿನಗೆ ತೊಡಿಸಿ, ತಿರುಗು, ಕೈ ಎತ್ತು, ನೆಟ್ಟಗೆ ನಿಲ್ಲು ಅಂತಿದ್ದೆನಲ್ಲ, ಈಗ ನಾನೇ ತೊಟ್ಟುಕೊಂಡು ಕನ್ನಡಿ ಮುಂದೆ ನಿಲ್ತೀನಿ. ಎದುರು ಕಾಣುತ್ತೆ, ಪಕ್ಕ ಕಾಣುತ್ತೆ, ಬೆನ್ನು ಕಾಣಲ್ಲ. ಹೋದ ತಿಂಗಳು ಎರಡು ಕೋಟು ಬೆನ್ನಲ್ಲಿ ಸುಕ್ಕು ಅಂತ ವಾಪಸ್ ಬಂದವು. ನಿನ್ನ ಮದುವೆ ಕೋಟು ಭುಜದಲ್ಲಿ ಬಿಗಿ ಆಗಿತ್ತಲ್ಲ, ಅಣ್ಣ ಸಿಟ್ಟಲ್ಲಿ ಹಾಗೆ ಹೊಲಿದ ಅಂತ ನೀನು ಅಂದ್ಕೊಂಡಿರಬಹುದು. ಇಲ್ಲ ಕಣೋ. ನಿನ್ನ ಅಳತೆ ನನಗೆ ಬಾಯಿಪಾಠ ಅಂತ ಟೇಪು ಹಿಡಿಯದೆ ಕತ್ತರಿಸಿದ್ದೆ. ಮದುವೆ ನಿಶ್ಚಯ ಆದ ಎರಡು ತಿಂಗಳಲ್ಲಿ ನೀನು ಖುಷಿಯಾಗಿ ದಪ್ಪ ಆಗಿದ್ದೆ, ನಾನು ಗಮನಿಸಿರಲಿಲ್ಲ. ನೀನು ಸುಖವಾಗಿರೋದು ನನಗೆ ನಿಜವಾಗಲೂ ಸಂತೋಷ. ಅದನ್ನ ಎದುರಿಗೆ ಹೇಳೋಕೆ ನನಗೆ ಬರಲ್ಲ.

ಗಿಡದಮ್ಮನ ಕೊಳಕ್ಕೆ ಬಿಸಿಲಿದೆ, ಮಣ್ಣಿದೆ, ನೀರಗಿಡ ಇದೆ ಅಂತ ಬರೆದಿದ್ದೀಯ. ಮೀನಿಗೆ ಅದೇ ಸರಿಯಾದ ಜಾಗ, ಅಷ್ಟು ನನಗೂ ಗೊತ್ತಾಗುತ್ತೆ. ಇಲ್ಲಿ ಏನಿದೆ, ಒಂದು ಕಿಟಕಿ, ಒಂದು ಬಲ್ಬು, ಒಬ್ಬ ದರ್ಜಿ. ಆದ್ದರಿಂದ ಇಪ್ಪತ್ತಕ್ಕೆ ಬಾ. ಮುಚ್ಚಳ ಇರೋ ಡ್ರಮ್ಮು ಎರಡು ತಾ, ಒಂದರಲ್ಲೇ ತುರುಕಬೇಡ. ನಾನು ಹಿಂದಿನ ದಿನ ಅವಕ್ಕೆ ತಿನ್ನೋಕೆ ಹಾಕಲ್ಲ, ದಾರಿಯಲ್ಲಿ ನೀರು ಗಲೀಜಾಗಲ್ಲ. ಕೊಳವನ್ನ ಬೇಕಾದ್ರೆ ಬಿಚ್ಚಿ ಹಲಗೆ ನೀನೇ ತಗೊಂಡು ಹೋಗು, ನಿನ್ನ ಕೆಲಸಕ್ಕೆ ಬರಬಹುದು. ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು, ಆಕೆ ಕೊಟ್ಟುಕಳಿಸಿದ ಗಿಡ ಚಿಗುರಿದೆ ಅಂತ ಹೇಳು. ಹೆಬ್ಬೆರಳು ಜೋಪಾನ. ಇಬ್ಬರೂ ಬಹಳ ಕಾಲ ಒಬ್ಬರಿಗೊಬ್ಬರು ಆಗಿರಿ, ದೊಡ್ಡವನಾಗಿ ಇದೊಂದೇ ನನ್ನ ಹಾರೈಕೆ.

ನಿನ್ನ ಅಣ್ಣ,
ಸೂಜಿ ಮೂತಿ (ನೀನು ಸಿಟ್ಟು ಬಂದಾಗ ಕರೀತಿದ್ದ ಹೆಸರು. ಈಗ ಯಾರೂ ಕರೆಯಲ್ಲ)

ಇನ್ನೊಂದು ಮಾತು: ಇಸ್ತ್ರಿಯವನು ಪೇಟೆ ಕಡೆ ಹೊರಟಿದ್ದಾನೆ, ಪತ್ರ ಡಬ್ಬಿಗೆ ಹಾಕ್ತೀನಿ ಕೊಡು ಕೊಡು ಅಂತ ಬಾಗಿಲಲ್ಲಿ ಅವಸರ ಮಾಡ್ತಿದ್ದಾನೆ, ನಿಂತ್ಕೊಂಡೇ ಬರೀತಿದ್ದೀನಿ. ಮೇಲೆ, ಬಂದು ತಗೊಂಡು ಹೋಗು ಅಂತ ಬರೆದಿದ್ದೀನಲ್ಲ, ಅದು ಸುಳ್ಳು. ವ್ಯಾನ್ ತರಬೇಡ. ನೀನು ಹೊರಟ ದಿನ ನಾನು ಬೇಡ ಅನ್ನಲಿಲ್ಲ. ಅನ್ನಬಾರದಿತ್ತು, ಅನ್ನಲಿಲ್ಲ. ಮೀನಿನ ವಿಷಯಕ್ಕೆ ಅಂತಿದ್ದೀನಿ, ಬೇಡ. ಒಂಬತ್ತೂ ಇಲ್ಲೇ ಇರಲಿ. ಹೆಂಡತಿ ಆಸೆಯಿಂದ ಕೊಳ ತೋಡಿಸಿದ್ದಾಳೆ, ಬರಿಗೈಯಲ್ಲಿ ಹೇಗೆ ಹೋಗಲಿ ಅಂದ್ರೆ ಐದು ನೀನು ತಗೋ, ನಾಲ್ಕು ಬಿಡು. ಅದೂ ಆಗಲ್ಲ ಅಂದ್ರೆ ಎರಡಾದ್ರೂ ಬಿಡು, ಯಾವ ಎರಡು ಅಂತ ನೀನೇ ಆರಿಸು, ನಾನು ತುಟಿ ಪಿಟಕ್ ಅನ್ನಲ್ಲ. ಒಂದೇ ಒಂದು ಮೀನನ್ನ ಬಿಟ್ಟು ಹೋಗಬೇಡ ಕಣೋ. ಹೋದ ವಾರ ಚುಕ್ಕಿಯ ರೆಕ್ಕೆ ಹರಿದಿತ್ತು ಅಂತ ಅವಳೊಬ್ಬಳನ್ನೇ ಟಬ್ಬಿನಲ್ಲಿ ಬೇರೆ ಇಟ್ಟಿದ್ದೆ. ಮೂರು ದಿನ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು, ಹಾಕಿದ್ದನ್ನ ಮುಟ್ಟಲಿಲ್ಲ. ಒಂದೇ ಬಿಡೋದಾದ್ರೆ ಅದನ್ನೂ ಕರ್ಕೊಂಡು ಹೋಗು.